ಕಣ್ಣೀರಿನ ತೂತಿಗೆ ಹಾಕಿಸಿದ ಬಿರಡೆಗಳು: ನನಗೆ ಒಗ್ಗಿದ್ದು ಕರಗುವುದು

ನನ್ನದು ನೀರು ಸಾಲದೆ ಒಣಗುವ ಕಣ್ಣು. ಇರುವ ಕಣ್ಣೀರು ಇಳಿದುಹೋಗದಿರಲಿ ಅಂತ ಅದರ ತೂತಿಗೆ ಪ್ಲಗ್, ಅಂದರೆ ಪುಟ್ಟ ಬಿರಡೆ, ಹಾಕುತ್ತಾರೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಒಳಗೆ ಹೋಗಿ ಕೂತು ಕೆಲವು ತಿಂಗಳಲ್ಲಿ ತಾನೇ ಕರಗುವ ಪ್ಲಗ್‌ಗೆ. ಕರಗದ ಸಿಲಿಕೋನ್ ಪ್ಲಗ್ ಕೆಟ್ಟದ್ದು ಅಂತ ಅಲ್ಲ. ನನ್ನ ನಾದಿನಿ ಎರಡು ವರ್ಷದಿಂದ ಅದನ್ನೇ ಹಾಕಿಸಿಕೊಂಡು ಆರಾಮಾಗಿದ್ದಾಳೆ. ನನಗೆ ಮಾತ್ರ ಅದು 11 ವಾರ ಜೀವ ತಿಂದಿತು.

ನನ್ನದು ವಿಜಯಪುರದಲ್ಲಿ ತಹಶೀಲ್ದಾರ್ ಕಚೇರಿ ಹತ್ತಿರ ಸಣ್ಣ ಟೈಪಿಂಗ್ ಅಂಗಡಿ. ಅರ್ಜಿ, ಕರಾರು ಪತ್ರ, ಅಫಿಡವಿಟ್. ದಿನಕ್ಕೆ 9 ತಾಸು ಪರದೆ ನೋಡುತ್ತೇನೆ. ತಲೆ ಮೇಲೆ ಫ್ಯಾನು, ಮುಖಕ್ಕೆ ಕೂಲರು, ಬಾಗಿಲಿಗೆ ರಸ್ತೆ ಧೂಳು. ನಮ್ಮೂರಿನ ಬೇಸಿಗೆ ಗೊತ್ತಲ್ವಾ, 40 ಡಿಗ್ರಿ ಅಂದರೆ ಸುದ್ದಿಯೇ ಅಲ್ಲ. ಕಣ್ಣು ಉರಿ, ಸಂಜೆಗೆ ಅಕ್ಷರ ಮಸುಕು. ಡಾಕ್ಟರು ಕೆಳರೆಪ್ಪೆಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಕೂರಿಸಿದರು. 10 ಮಿಲಿಮೀಟರಿಗಿಂತ ಜಾಸ್ತಿ ಒದ್ದೆಯಾಗಬೇಕಿತ್ತು. ನನ್ನದು 4.

ಪ್ಲಗ್ ಅಂದರೆ ಇಷ್ಟೇ. ರೆಪ್ಪೆಯ ಅಂಚಿನಲ್ಲಿ, ಮೂಗಿನ ಕಡೆಯ ಮೂಲೆಯಲ್ಲಿ, ಸೂಜಿಮೊನೆಯಷ್ಟು ತೂತಿದೆ. ಮೇಲೊಂದು, ಕೆಳಗೊಂದು. ಕಣ್ಣೀರು ಅಲ್ಲಿಂದ ಇಳಿದು ಮೂಗಿಗೆ ಹೋಗುತ್ತದೆ. ಅತ್ತಾಗ ಮೂಗು ಸೋರುವುದು ಅದಕ್ಕೇ. ಆ ತೂತು ಮುಚ್ಚಿದರೆ ಇರುವ ಸ್ವಲ್ಪ ನೀರೇ ಕಣ್ಣಲ್ಲಿ ನಿಲ್ಲುತ್ತದೆ. ಕೆರೆಗೆ ಹೊಸ ನೀರು ಬರಲಿಲ್ಲ ಅಂದರೆ ತೂಬನ್ನಾದರೂ ಮುಚ್ಚು ಅನ್ನೋ ಲೆಕ್ಕ.

ಪ್ಲಗ್‌ಗಿಂತ ಮೊದಲು ಒಂದು ವರ್ಷ ಬರೀ ಡ್ರಾಪ್ಸ್ ಹಾಕಿದೆ. ದಿನಕ್ಕೆ 6 ಸಲ ಅಂದರು. ಎದುರಿಗೆ ನಾಲ್ಕು ಜನ ಗಿರಾಕಿ ನಿಂತಾಗ ಯಾರಿಗೆ ನೆನಪಿರುತ್ತದೆ? ನನಗೆ 3 ಸಲವೂ ಆಗುತ್ತಿರಲಿಲ್ಲ.

ಆಮೇಲೆ ಪರೀಕ್ಷೆಗೆ ಅಂತ ಕೊಲಾಜೆನ್ ಪ್ಲಗ್ ಹಾಕಿದರು. ಅದು ಕೆಲವೇ ದಿನಕ್ಕೆ ಕರಗುತ್ತದೆ, ತೂತು ಮುಚ್ಚಿದರೆ ಕಣ್ಣು ಹೇಗಿರುತ್ತದೆ ಅಂತ ನೋಡಲಿಕ್ಕೆ ಮಾತ್ರ. ಐದು ದಿನ ಸ್ವರ್ಗ.

ಆ ಐದು ದಿನ ನಂಬಿಕೊಂಡೇ ಸಿಲಿಕೋನ್‌ಗೆ ಹೂಂ ಅಂದದ್ದು. ಹಾಕಿಸುವಾಗ ನೋವಿಲ್ಲ. ಬರೀ ಒಂದು ಚುಚ್ಚು, ಮುಗೀತು. ಕನ್ನಡಿ ಮುಂದೆ ಕೆಳರೆಪ್ಪೆ ಎಳೆದು ನೋಡಿದರೆ ಮೂಲೆಯಲ್ಲಿ ಪುಟ್ಟ ಬಿಳಿ ಚುಕ್ಕೆ. ಅದೇ ಅದರ ತಲೆ, ಅಂದರೆ ಟೋಪಿ. ಕಾಂಡ ಒಳಗೆ, ಟೋಪಿ ಹೊರಗೆ. ನನ್ನ ಕಷ್ಟವೆಲ್ಲ ಆ ಟೋಪಿಯದೇ.

ನೇರ ನೋಡಿದರೆ ಏನೂ ಇಲ್ಲ. ಮೂಗಿನ ಕಡೆ ಕಣ್ಣು ತಿರುಗಿಸಿದರೆ ಟೋಪಿ ಬಿಳಿಗುಡ್ಡೆಗೆ ತಾಗುತ್ತಿತ್ತು. ಟೈಪ್ ಮಾಡುವವರ ಕಣ್ಣು ಕಾಗದಕ್ಕೂ ಪರದೆಗೂ ಓಡಾಡುತ್ತಲೇ ಇರುತ್ತದೆ. ನನ್ನ ಕಾಗದ ಇರುವುದು ಎಡಕ್ಕೆ. ಎಡಕ್ಕೆ ನೋಡಿದಾಗಲೆಲ್ಲ ಬಲಗಣ್ಣಿನ ಮೂಲೆಯಲ್ಲಿ ಜೋಳದ ಸುಂಕು ಬಿದ್ದ ಹಾಗೆ ಚುರ್ ಅನ್ನುತ್ತಿತ್ತು. ರಾಶಿ ಮಾಡುವಾಗ ಕಣದಲ್ಲಿ ನಿಂತವರಿಗೆ ಗೊತ್ತಿರುತ್ತದೆ ಅದು ಎಂಥದು ಅಂತ. ಮಧ್ಯಾಹ್ನಕ್ಕೆ ತಡೆದುಕೊಳ್ಳಬಹುದು, ಸಂಜೆಗೆ ಆ ಮೂಲೆ ಕೆಂಪು. ಕಾಗದದ ಸ್ಟ್ಯಾಂಡನ್ನು ಬಲಕ್ಕಿಟ್ಟೆ. ಚುಚ್ಚುವುದು ಎಡಗಣ್ಣಿಗೆ ಬಂತು! ಕೊನೆಗೆ ಪರದೆಯ ಕೆಳಗೆ, ನಟ್ಟನಡುವೆ ಕಾಗದ ಒರಗಿಸಿಟ್ಟೆ. ಅರ್ಧ ತ್ರಾಸ ಅಲ್ಲೇ ಕಮ್ಮಿಯಾಯಿತು. ಇದನ್ನು ಯಾವ ಡಾಕ್ಟರೂ ಹೇಳಲಿಲ್ಲ.

ಚುಚ್ಚಿದಾಗ ಕೈ ಸುಮ್ನೆ ಇರುತ್ತದೆಯೇ? ಸೆರಗಿನ ತುದಿಯಿಂದ ಮೂಲೆ ಒತ್ತುವುದು, ಬೆರಳಿಂದ ಉಜ್ಜುವುದು. ಉಜ್ಜಿದಷ್ಟೂ ಪ್ಲಗ್ ಸಡಿಲ, ಸಡಿಲವಾದಷ್ಟೂ ಚುಚ್ಚುವುದು ಜಾಸ್ತಿ. ಒಂದು ಬೆಳಗ್ಗೆ ಮುಖ ಒರೆಸಿದ ಟವೆಲ್ ಮೇಲೆ ಗಸಗಸೆ ಕಾಳಿಗಿಂತ ಚೂರು ದೊಡ್ಡದಾದ ಏನೋ ಅಂಟಿಕೊಂಡಿತ್ತು. ಬೆರಳ ತುದಿಗೆ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಸಣ್ಣ ಅಣಬೆಯಂತೆ ಟೋಪಿ, ಕಾಂಡ, ಚೂಪು ತುದಿ. ಒಂದು ಇಲಕಲ್ ಸೀರೆಯ ದುಡ್ಡು ಟವೆಲ್ ಮೇಲೆ!

ನಾದಿನಿಗೆ ಫೋನ್ ಮಾಡಿ ಗೋಳಾಡಿದೆ. ಅವಳು ನಕ್ಕು, "ವೈನಿ, ತ್ರಾಸ ನಿಮ್ಮ ಕಣ್ಣಾಗಿಲ್ಲ, ಕೈಯಾಗೈತಿ" ಅಂದಳು. ಅವಳು ಮುಖ ತೊಳೆದರೆ ಹತ್ತಿ ಬಟ್ಟೆಯಿಂದ ಒತ್ತಿಕೊಳ್ಳುತ್ತಾಳೆ ಅಷ್ಟೆ, ಉಜ್ಜುವುದಿಲ್ಲ. ನಾನು ಹುಟ್ಟಿದಾಗಿನಿಂದ ಉಜ್ಜಿ ಒರೆಸಿದವಳು.

ಆದರೆ ತಪ್ಪೆಲ್ಲ ನನ್ನ ಕೈಯದೇ ಅಲ್ಲ ಅಂತ ಸೋಲಾಪುರಕ್ಕೆ ಹೋದಾಗ ಗೊತ್ತಾಯಿತು. ದಾರಿಯಲ್ಲಿ ಝಳಕಿ ಊರು ದಾಟುವಷ್ಟರಲ್ಲಿ ಬಸ್ಸಿನ ಕಿಟಕಿ ಗಾಳಿಗೆ ಕಣ್ಣು ಕೆಂಡ. ಅಲ್ಲಿನ ಡಾಕ್ಟರಮ್ಮ ಮೊದಲು ಒಂದು ಸಣ್ಣ ಕಡ್ಡಿಯಂಥ ಅಳತೆಗೋಲಿನಿಂದ ತೂತು ಅಳೆದರು. ಪ್ಲಗ್‌ಗಳಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಸೈಜು ಬರುತ್ತವೆ. ನನ್ನ ಎರಡು ಕಣ್ಣಿನ ತೂತೇ ಬೇರೆ ಬೇರೆ ಸೈಜು. ಮೊದಲು ಹಾಕಿದ ಕಡೆ ಅಳೆದೇ ಇರಲಿಲ್ಲ, ಎರಡಕ್ಕೂ ಒಂದೇ ಹಾಕಿದ್ದರು. ಚಿಕ್ಕದಾದರೆ ಜಾರುತ್ತದೆ, ದೊಡ್ಡದಾದರೆ ಪೂರ್ತಿ ಕೂರದೆ ಟೋಪಿ ಎದ್ದು ನಿಲ್ಲುತ್ತದೆ. ನನಗೆ ಒಂದು ಕಡೆ ಅದು, ಒಂದು ಕಡೆ ಇದು. ನೀವು ಸಿಲಿಕೋನ್ ಹಾಕಿಸುವುದಾದರೆ "ಅಳತೆ ತಗೊಂಡ್ರೇನ್ರಿ?" ಅಂತ ಕೇಳಿ. ನಾಚಿಕೆ ಬೇಡ.

ಅವರು ಇನ್ನೊಂದು ಕೇಳಿದರು: "ಯಾವ ಡ್ರಾಪ್ಸ್ ಹಾಕ್ತೀರಿ?" ನಾನು ಪರ್ಸಿನಿಂದ ಬಾಟಲಿ ತೆಗೆದೆ. ತೂತು ಮುಚ್ಚಿದ ಮೇಲೆ ಕಣ್ಣೀರಷ್ಟೇ ಅಲ್ಲ, ಹಾಕಿದ ಔಷಧಿಯೂ ಕಣ್ಣಲ್ಲೇ ನಿಲ್ಲುತ್ತದೆ. ಬಾಟಲಿ ಕೆಡದಿರಲಿ ಅಂತ ಸೇರಿಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಕೂಡ. ಅದು ಜಾಸ್ತಿ ಹೊತ್ತು ನಿಂತರೆ ಕಣ್ಣಿನ ಮೇಲ್ಪದರಕ್ಕೆ ಹಾನಿ. ಅಂದರೆ ನಾನು ಪ್ಲಗ್ ಅಂತ ಬೈದ ಉರಿಯಲ್ಲಿ ಸ್ವಲ್ಪ ಆ ಬಾಟಲಿಯದು. ಕೆಡದಂತೆ ಏನೂ ಸೇರಿಸದ, ಒಂದೇ ಸಲ ಬಳಸಿ ಎಸೆಯುವ ಸಣ್ಣ ವಯಲ್‌ಗೆ ಬದಲಿಸಿದರು. ದುಬಾರಿ. ನಾನು ಒಂದೆರಡು ಸಲ ಬೆಳಗ್ಗೆ ಮುರಿದದ್ದನ್ನು ಸಂಜೆಗೆ ಉಳಿಸಿಟ್ಟೆ, ಬೈಸಿಕೊಂಡೆ.

ರೆಪ್ಪೆಯ ಅಂಚು ಊದಿದೆ, ಅದನ್ನು ಸರಿ ಮಾಡದೆ ತೂತು ಮುಚ್ಚಬಾರದಿತ್ತು ಅಂತಲೂ ಅಂದರು. ಊತ ಇರುವಾಗ ಮುಚ್ಚಿದರೆ ಕಣ್ಣಿಗೆ ಕಿರಿಕಿರಿ ಮಾಡುವ ನೀರೇ ಒಳಗೆ ನಿಂತ ಹಾಗೆ. ಉಳಿದಿದ್ದ ಪ್ಲಗ್ಗನ್ನು ಚಿಮಟದಿಂದ ಕ್ಷಣದಲ್ಲಿ ಕಿತ್ತರು. ಸಿಲಿಕೋನ್‌ನ ದೊಡ್ಡ ಗುಣ ಇದು, ಬೇಡ ಅಂದರೆ ತೆಗೆಯಬಹುದು. ಒಂದು ತಿಂಗಳು ದಿನಾ ರಾತ್ರಿ 10 ನಿಮಿಷ ಬಿಸಿ ಬಟ್ಟೆಯ ಶಾಖ, ಆಮೇಲೆ ರೆಪ್ಪೆಯ ಅಂಚು ತೊಳೆಯುವುದು. ಅಷ್ಟಕ್ಕೇ ಕಾಲು ಭಾಗ ಹಗುರಾಯಿತು.

ಆಮೇಲೆ ಬಂತು ಕರಗುವ ಪ್ಲಗ್. ದಾರದ ತುಂಡಿನಂಥದು. ಟೋಪಿ ಇಲ್ಲ, ಪೂರ್ತಿ ನಾಳದ ಒಳಗೆ. ಎರಡನೇ ದಿನ ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಬೇಕಂತಲೇ ಮೂಗಿನ ತುದಿ ನೋಡಿದೆ. ಏನೂ ಇಲ್ಲ. ಉಜ್ಜಿದರೂ ಟವೆಲ್ಲಿಗೆ ಬರುವುದಿಲ್ಲ. ಉಜ್ಜಬೇಡಿ ಅಂತ ಹೇಳಿದ್ದಾರೆ, ಅದು ಬೇರೆ ಮಾತು.

ಇದಕ್ಕೂ ಕೊರತೆ ಇದೆ. ಮೊದಲ 10 ದಿನ ಕಣ್ಣು ತುಂಬಿ ಕೆನ್ನೆಗೆ ಇಳಿಯುತ್ತಿತ್ತು. ಜಮೀನು ವಾಟ್ನಿಯ, ಅಂದರೆ ಪಾಲಿನ, ಕಾಗದ ಟೈಪ್ ಮಾಡಿಸಲು ಬಂದಿದ್ದ ಅಜ್ಜ, "ಯಾಕವ್ವಾ ಅಳಾಕತ್ತಿ? ಅಣ್ಣತಮ್ಮರು ನಾವ್, ನಾವs ಅಳವಲ್ಲೆವು" ಅಂದ. ಸಿಲಿಕೋನ್ ಆಗಿದ್ದರೆ ಕಿತ್ತು ಹಾಕಬಹುದಿತ್ತು. ಇದಕ್ಕೆ ಕಾಯಬೇಕು, ಇಲ್ಲವೇ ಉಪ್ಪುನೀರು ಬಿಟ್ಟು ನಾಳ ತೊಳೆಸಬೇಕು. ಕಾದೆ, ತಾನೇ ಕಮ್ಮಿಯಾಯಿತು. ಇನ್ನೊಂದು, ಅದು ಇದೆಯೋ ಕರಗಿತೋ ಕನ್ನಡಿಯಲ್ಲಿ ಗೊತ್ತಾಗುವುದಿಲ್ಲ. ಕಣ್ಣೇ ಹೇಳಬೇಕು. ನನಗೆ ಮೂರು ತಿಂಗಳು ದಾಟುತ್ತಿದ್ದ ಹಾಗೆ ಸಂಜೆ ಅಕ್ಷರ ಮತ್ತೆ ಮಸುಕಾಯಿತು.

ಒಳಗೆ ಹೋಗಿ ಕರಗದೇ ಉಳಿಯುವ ಜಾತಿಯೂ ಇದೆ. ನಾನು ಬೇಡ ಅಂದೆ. ಕಣ್ಣಿಗೆ ಕಾಣದ್ದು ಒಳಗೇ ಕೂತು ಸೋಂಕು ಮಾಡಿದರೆ ಅಂತ ಹೆದರಿಕೆ. ಯಾವುದೇ ಪ್ಲಗ್ ಇರಲಿ, ಮೂಗಿನ ಪಕ್ಕದ ಮೂಲೆ ಊದಿ ನೋವು ಬಂದರೆ, ಕೀವು ಕಂಡರೆ, ಅವತ್ತೇ ಡಾಕ್ಟರ ಹತ್ತಿರ ಓಡಬೇಕು.

ದುಡ್ಡಿನ ಲೆಕ್ಕಕ್ಕೆ ಸಿಲಿಕೋನೇ ಸರಿ, ಸರಿಯಾಗಿ ಕೂತರೆ ವರ್ಷಗಟ್ಟಲೆ ಇರುತ್ತದೆ. ಕರಗುವುದನ್ನು ಮತ್ತೆ ಮತ್ತೆ ಹಾಕಿಸಬೇಕು, ಸೋಲಾಪುರದ ಬಸ್ ಚಾರ್ಜು ಬೇರೆ. ಆದರೆ ನನಗೆ ವರ್ಷವಿಡೀ ಬೇಕಿಲ್ಲ. ಮಳೆಗಾಲದಲ್ಲಿ ವಯಲ್ ಸಾಕಾಗುತ್ತದೆ. ಕೂಲರನ್ನು ಮುಖದಿಂದ ಕಾಲಿನ ಕಡೆಗೆ ತಿರುಗಿಸಿದ್ದೇನೆ, ಬಿಟ್ಟಿ ಔಷಧಿ ಅದು. ಫೆಬ್ರವರಿ ಕೊನೆಗೆ ಒಂದು ಜೋಡಿ, ಕೆಳರೆಪ್ಪೆಗೆ ಮಾತ್ರ. ಬೇಸಿಗೆ ದಾಟುತ್ತದೆ. ಈ ಸಲ ಅಜ್ಜನಂಥವರು ಕೇಳಿದರೆ ತೋರಿಸಲಿಕ್ಕೆ, ಟವೆಲ್ ಮೇಲೆ ಸಿಕ್ಕ ಆ ಸಿಲಿಕೋನ್ ಅಣಬೆಯನ್ನು ಸ್ಟ್ಯಾಪ್ಲರ್ ಪಿನ್ನಿನ ಡಬ್ಬಿಯಲ್ಲಿ ಇಟ್ಟಿದ್ದೇನೆ.