ಲೂಸ್, ಪ್ರೆಸ್ಡ್, ಬೇಕ್ಡ್: ಯಾವ ಮಿನರಲ್ ಬ್ಲಶ್ ಕೆನ್ನೆಗೆ ಕಳೆ ಕೊಟ್ಟಿತು?

ಕಳೆ ಬೇರೆ, ಮಿಂಚು ಬೇರೆ. ಎರಡು ಮಹಡಿ ಮೆಟ್ಟಿಲು ಹತ್ತಿ ಬಂದಾಗ ಕೆನ್ನೆಗೆ ಒಂದು ಬಣ್ಣ ಬರುತ್ತದಲ್ಲ, ಅದು ಕಳೆ. ಒಳಗಿಂದ ಬಂದ ಹಾಗೆ ಕಾಣುತ್ತದೆ, ಎಲ್ಲಿ ಶುರು ಎಲ್ಲಿ ಮುಗಿಯಿತು ಅಂತ ಗೊತ್ತಾಗುವುದಿಲ್ಲ. ದೀಪದ ಕೆಳಗೆ ತಲೆ ತಿರುಗಿಸಿದಾಗ ಚುಕ್ಕಿ ಚುಕ್ಕಿಯಾಗಿ ಹೊಳೆಯುವುದು ಮಿಂಚು. ಡಬ್ಬಿಯ ಮೇಲೆ ಎರಡಕ್ಕೂ 'ಗ್ಲೋ' ಅಂತಲೇ ಬರೆದಿರುತ್ತಾರೆ. ನನಗೆ ಬೇಕಿದ್ದದ್ದು ಕಳೆ. ಅದಕ್ಕಾಗಿ ಮೂರು ಬಗೆಯ ಮಿನರಲ್ ಪೌಡರ್ ಬ್ಲಶ್‌ಗಳನ್ನು, ಅಂದರೆ ಖನಿಜದ ಬಣ್ಣ ಹಾಕಿ ಮಾಡಿದ ಕೆನ್ನೆಯ ಪುಡಿಗಳನ್ನು, ಆರು ವಾರ ಹಚ್ಚಿ ನೋಡಿದೆ.

ಮೊದಲನೆಯದು ಸಣ್ಣ ಜಾಡಿಯಲ್ಲಿ ಬರುವ ಲೂಸ್ ಪೌಡರ್, ಮೇಲೆ ತೂತು ತೂತಿನ ಜರಡಿ ಇರುತ್ತದೆ. ಎರಡನೆಯದು ಪುಟ್ಟ ತಟ್ಟೆಗೆ ಒತ್ತಿ ಕೂರಿಸಿದ ಪ್ರೆಸ್ಡ್ ಪೌಡರ್. ಮೂರನೆಯದು ಬೇಕ್ಡ್ ಬ್ಲಶ್, ಗುಮ್ಮಟದ ಹಾಗೆ ಉಬ್ಬಿಕೊಂಡಿರುವುದು. ಬಣ್ಣದ ಪುಡಿಯನ್ನು ಒದ್ದೆಯಾಗಿ ಕಲಸಿ, ಅಚ್ಚಿಗೆ ಹಾಕಿ, ಒಣಗುವವರೆಗೆ ಬೇಯಿಸಿ ಮಾಡುತ್ತಾರೆ. ಬಣ್ಣ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಇರುವ ಹಾಗೆ ನೋಡಿ ತಂದೆ: ಇಟ್ಟಿಗೆ ಕೆಂಪಿಗೆ ಸ್ವಲ್ಪ ಗುಲಾಬಿ ಬೆರೆತದ್ದು. ಎಡಗೆನ್ನೆಗೆ ಒಂದು, ಬಲಗೆನ್ನೆಗೆ ಇನ್ನೊಂದು, ಮಾರನೇ ದಿನ ಅದಲು ಬದಲು. ಹಚ್ಚಿದ ಕೂಡಲೇ ಕಿಟಕಿ ಹತ್ತಿರ ನಿಂತು ನೋಡುತ್ತಿದ್ದೆ, 20 ನಿಮಿಷ ಬಿಟ್ಟು ಮತ್ತೆ, ಸಂಜೆ ಇನ್ನೊಮ್ಮೆ.

ನನ್ನದು ಎಣ್ಣೆಗೆಂಪು ಮೈಬಣ್ಣ. ಹಣೆ, ಮೂಗು ಜಿಡ್ಡು, ಕೆನ್ನೆ ಒಣ. ತಂಗಿಯದು ಎಣ್ಣೆಗಪ್ಪು, ಮುಖ ಪೂರ್ತಿ ಜಿಡ್ಡು. ಅವಳೂ ಜೊತೆಗೆ ಕೂತಳು. ಅವಳು ಇಲ್ಲದಿದ್ದರೆ ಅರ್ಧ ವಿಷಯ ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ಹಚ್ಚುವ ಮುಂಚೆ ಡಬ್ಬಿಯ ಹಿಂಬದಿ ಓದಿ. ಇದು ನಿಜಕ್ಕೂ ಮುಖ್ಯ. 'ಮಿನರಲ್' ಅಂದ ತಕ್ಷಣ ನೆಲದಿಂದ ಅಗೆದು ನೇರ ಡಬ್ಬಿಗೆ ತುಂಬಿದ್ದು ಅಂತ ಅಲ್ಲ. ಬಣ್ಣ ಕೊಡುವುದು ಮುಖ್ಯವಾಗಿ ಐರನ್ ಆಕ್ಸೈಡ್. ಕೆಮ್ಮಣ್ಣಿಗೆ ಕೆಂಪು ಬರುವುದೂ ಇದರಿಂದಲೇ. ಆದರೆ ಮುಖಕ್ಕೆ ಹಚ್ಚುವುದನ್ನು ಶುದ್ಧವಾಗಿರಲಿ ಅಂತ ಕಾರ್ಖಾನೆಯಲ್ಲಿ ತಯಾರಿಸುತ್ತಾರೆ. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಬಣ್ಣಗಳಿಗೆ ಸಿಐ (ಕಲರ್ ಇಂಡೆಕ್ಸ್) ಅಂತ ಒಂದೊಂದು ಸಂಖ್ಯೆ ಇರುತ್ತದೆ. ಸಿಐ 77491 ಅಂದರೆ ಕೆಂಪು ಐರನ್ ಆಕ್ಸೈಡ್, 77492 ಹಳದಿ, 77499 ಕಪ್ಪು. ಈ ಮೂರನ್ನೇ ಬೆರೆಸಿದರೆ ಇಟ್ಟಿಗೆ, ಮಣ್ಣು, ಕಂದುಗೆಂಪು ಬರುತ್ತದೆ, ಕಣ್ಣಿಗೆ ಹೊಡೆಯುವ ಗುಲಾಬಿ ಬರುವುದಿಲ್ಲ. ಗಾಢ ಗುಲಾಬಿ ಕಂಡರೆ ಒಳಗೆ ಬೇರೆ ಏನೋ ಇದೆ. ಸಿಐ 75470 ಇದ್ದರೆ ಅದು ಕಾರ್ಮೈನ್, ಕೊಚಿನೀಲ್ ಅನ್ನುವ ಪುಟ್ಟ ಹುಳುವಿನಿಂದ ತೆಗೆದ ಬಣ್ಣ. ಮಾಂಸಾಹಾರ ಬಿಟ್ಟವರಿಗೆ, ಅಲರ್ಜಿ ಇರುವವರಿಗೆ ಇದು ಗೊತ್ತಿರಲೇಬೇಕು. ಸಹಜ ಕಳೆ ಬೇಕಾದವರಿಗೆ ಐರನ್ ಆಕ್ಸೈಡ್‌ನ ಮಂದ ಬಣ್ಣವೇ ಒಳ್ಳೆಯದು. ರಕ್ತ ಚರ್ಮದ ಕೆಳಗಿಂದ ಕಾಣುವ ಬಣ್ಣಕ್ಕೆ ಅದೇ ಹತ್ತಿರ.

ಹೊಳಪು ಬರುವುದು ಅಭ್ರಕದಿಂದ, ಅಂದರೆ ಮೈಕಾದಿಂದ. ನಯವಾಗಿ ಅರೆದ ಅಭ್ರಕ ರೇಷ್ಮೆಯ ಹಾಗೆ ಕಾಣುತ್ತದೆ, ದೊಡ್ಡ ಚೂರುಗಳಿದ್ದರೆ ಮಿಂಚುತ್ತದೆ. ಇನ್ನೊಂದು ಮಾತು ಇಲ್ಲಿ ಹೇಳದೆ ಇರಲಾರೆ. ಜಾರ್ಖಂಡ್, ಬಿಹಾರದ ಅಭ್ರಕದ ಗಣಿಗಳಲ್ಲಿ ಮಕ್ಕಳನ್ನು ದುಡಿಸುವ ಸುದ್ದಿ ವರ್ಷಗಳಿಂದ ಬರುತ್ತಲೇ ಇದೆ. ಇದನ್ನು ನಿಲ್ಲಿಸಬೇಕು ಅಂತ 2017ರಲ್ಲಿ ರೆಸ್ಪಾನ್ಸಿಬಲ್ ಮೈಕಾ ಇನಿಶಿಯೇಟಿವ್ ಅನ್ನುವ ಕೂಟವೂ ಶುರುವಾಯಿತು. ಕೆಲವು ಬ್ಲಶ್‌ಗಳಲ್ಲಿ ಗಣಿಯ ಅಭ್ರಕದ ಬದಲು ಕೃತಕವಾಗಿ ಮಾಡಿದ್ದನ್ನು ಬಳಸುತ್ತಾರೆ, ಪಟ್ಟಿಯಲ್ಲಿ 'ಸಿಂಥೆಟಿಕ್ ಫ್ಲೋರ್‌ಫ್ಲೋಗೊಪೈಟ್' ಅಂತ ಇರುತ್ತದೆ. ಎರಡರಲ್ಲಿ ಒಂದನ್ನು ಆರಿಸುವಾಗ ನಾನು ಈಗ ಇದನ್ನೂ ನೋಡುತ್ತೇನೆ.

ಇನ್ನು ಟೈಟಾನಿಯಂ ಡೈಆಕ್ಸೈಡ್, ಸಿಐ 77891. ಇದು ಬಿಳಿ. ನಮ್ಮಂಥ ಮೈಬಣ್ಣದವರಿಗೆ ಎಲ್ಲ ಎಡವಟ್ಟೂ ಇದರಿಂದಲೇ. ಯಾಕೆ ಅಂತ ಪ್ರೆಸ್ಡ್ ಬ್ಲಶ್ ಹತ್ತಿರ ಹೇಳುತ್ತೇನೆ.

ಈಗ ಲೂಸ್ ಪೌಡರ್. ಮೊದಲ ದಿನ ಜಾಡಿಯನ್ನು ತಲೆಕೆಳಗು ಮಾಡಿ ತಟ್ಟಿದಾಗ ಮುಚ್ಚಳದ ತುಂಬ ಪುಡಿ ಬಿತ್ತು. ಬೇಕಾಗಿದ್ದದ್ದು ಕಿರುಬೆರಳಿನ ಉಗುರಿನ ತುದಿಯಲ್ಲಿ ನಿಲ್ಲುವಷ್ಟು, ಎರಡೂ ಕೆನ್ನೆಗೆ ಸೇರಿ. ಅಷ್ಟನ್ನು ಮುಚ್ಚಳದಲ್ಲಿ ಹಾಕಿ, ಬ್ರಶ್ಶನ್ನು ನೆಟ್ಟಗೆ ಹಿಡಿದು, ಮೆಲ್ಲಗೆ ಸುತ್ತಬೇಕು. ಪುಡಿ ಕಾಣದಂತಾಗಿ ಮುಚ್ಚಳದ ತಳದಲ್ಲಿ ಬರೀ ಕಲೆ ಉಳಿಯುವವರೆಗೆ ಸುತ್ತುತ್ತಲೇ ಇರಿ. ಆಗ ಪುಡಿ ಕೂದಲಿನ ಒಳಗೆ ಹೋಗಿರುತ್ತದೆ, ತುದಿಯಲ್ಲಿ ಗುಡ್ಡೆಯಾಗಿ ಕೂತಿರುವುದಿಲ್ಲ. ಬ್ರಶ್ಶಿನ ಹಿಡಿಯನ್ನು ಮೇಜಿನ ಅಂಚಿಗೆ ಒಂದು ಸಲ ಕುಟ್ಟಿ. ಆಮೇಲೆ ಕೆನ್ನೆಗೆ.

ಮೊದಲ ಸುತ್ತಿಗೆ ಏನೂ ಕಾಣುವುದಿಲ್ಲ. ಎರಡನೆಯದಕ್ಕೂ ಅಷ್ಟಕ್ಕಷ್ಟೇ. ಮೂರನೇ ಸುತ್ತಿನಲ್ಲಿ, ಬ್ರಶ್ ಸಣ್ಣ ಸಣ್ಣ ವೃತ್ತವಾಗಿ ತಿರುಗುತ್ತಿರುವಾಗಲೇ, ಕೆನ್ನೆ ರಂಗೇರುವುದು ಕಣ್ಣಿಗೆ ಕಾಣುತ್ತದೆ. ಇಲ್ಲಿ ನಿಲ್ಲಿಸಬೇಕು. ಇನ್ನೂ ಸ್ವಲ್ಪ ಬೇಕು ಅನ್ನಿಸಿದರೂ ನಿಲ್ಲಿಸಿ. ಒಣ ಕೆಮ್ಮಣ್ಣಿಗೆ ನೀರು ಬಿದ್ದರೆ ಬಣ್ಣ ಕಡುವಾಗುತ್ತದೆ ಅಲ್ವಾ, ಇಲ್ಲೂ ಅದೇ ಆಗುತ್ತದೆ. ಚರ್ಮದ ಜಿಡ್ಡು ಪುಡಿಗೆ ತಾಗಿ 20 ನಿಮಿಷದಲ್ಲಿ ಬಣ್ಣ ಒಂದು ಮಟ್ಟ ಗಾಢವಾಗುತ್ತದೆ. ಮೊದಲ ವಾರ ಇದು ಗೊತ್ತಿರದೆ ದಿನಾ ಜಾಸ್ತಿ ಹಚ್ಚಿಕೊಂಡೆ, ಹೊರಗೆ ಹೋಗುವ ಹೊತ್ತಿಗೆ ಕೆನ್ನೆ ಕೆಂಡದ ಹಾಗೆ ಇರುತ್ತಿತ್ತು.

ಸರಿಯಾಗಿ ಕೂತ ದಿನ ಮಾತ್ರ ಇದರ ಮುಂದೆ ಉಳಿದೆರಡು ನಿಲ್ಲಲಿಲ್ಲ. ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರೂ ಪುಡಿ ಕಾಣಲಿಲ್ಲ, ಚರ್ಮದ ಸಣ್ಣ ರೋಮಗಳ ಮಧ್ಯೆ ಬಣ್ಣ ಕರಗಿ ಹೋಗಿತ್ತು. ಅವತ್ತು ಅಮ್ಮ ನನ್ನ ಮುಖ ನೋಡಿ, "ಬಿಸಿಲಲ್ಲಿ ಓಡಾಡಿ ಬಂದ್ಯಾ?" ಅಂದರು. ಬ್ಲಶ್ ಹಚ್ಚಿದ್ದೀಯಾ ಅಂತ ಕೇಳಲಿಲ್ಲ. ಅದಕ್ಕಿಂತ ದೊಡ್ಡ ಮೆಚ್ಚುಗೆ ನನಗೆ ಬೇಕಿರಲಿಲ್ಲ.

ಇದಕ್ಕೆ ಕಷ್ಟಗಳೂ ಇವೆ. ಪುಡಿ ಹಾರುತ್ತದೆ, ಬಟ್ಟೆಗೆ ಬೀಳುತ್ತದೆ, ಬ್ಯಾಗಿನಲ್ಲಿ ಇಟ್ಟರೆ ಜರಡಿಯಿಂದ ಸುರಿದು ಮುಚ್ಚಳದ ತುಂಬ ಕೂತಿರುತ್ತದೆ. ಯಾವ ಪುಡಿಯೂ ಉಸಿರಿನ ಜೊತೆ ಒಳಗೆ ಹೋಗುವುದು ಒಳ್ಳೆಯದಲ್ಲ, ಆದ್ದರಿಂದ ಮುಖದ ಹತ್ತಿರ ಬ್ರಶ್ ಕೊಡವಬೇಡಿ. ಉಬ್ಬಸ ಇರುವವರು ಲೂಸ್ ಪೌಡರ್ ಗೋಜಿಗೇ ಹೋಗದಿರುವುದು ಮೇಲು.

ಪ್ರೆಸ್ಡ್ ಪೌಡರ್ ಹಚ್ಚಲು ಸುಲಭ. ಪುಡಿ ಒಟ್ಟಿಗೆ ನಿಲ್ಲಲಿ ಅಂತ ಜಿಂಕ್ ಸ್ಟಿಯರೇಟ್, ಡೈಮೆಥಿಕೋನ್ ಥರದ ಅಂಟುವ, ಜಾರುವ ಪದಾರ್ಥ ಸೇರಿಸಿರುತ್ತಾರೆ. ಬ್ರಶ್ಶನ್ನು ಎರಡು ಸಲ ಮೆಲ್ಲಗೆ ಮುಟ್ಟಿಸಿದರೆ ಸಾಕು, ಕೆನ್ನೆ ಮೇಲೆ ಒಂದೇ ಸಮ ಕೂರುತ್ತದೆ. ಒಂದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಅವಸರದ ದಿನಗಳಲ್ಲಿ ನನ್ನ ಕೈ ತಾನಾಗಿಯೇ ಇದರ ಕಡೆ ಹೋಗುತ್ತಿತ್ತು.

ಆದರೆ ನಾನು ತಂದದ್ದರಲ್ಲಿ ಟೈಟಾನಿಯಂ ಡೈಆಕ್ಸೈಡ್ ಪಟ್ಟಿಯ ಎರಡನೇ ಸಾಲಿನಲ್ಲೇ ಇತ್ತು. ನನ್ನ ಕೆನ್ನೆ ಮೇಲೆ ಬಣ್ಣ ಸ್ವಲ್ಪ ಮಂಕಾಯಿತು ಅಷ್ಟೇ, ಸಂಜೆ ಬೆಳಕಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಂಗಿಗೆ ಹಚ್ಚಿದಾಗ ಸತ್ಯ ಹೊರಗೆ ಬಂತು. ಅವಳು ಕಿಟಕಿ ಹತ್ತಿರ ಹೋಗಿ, ಕನ್ನಡಿ ಹಿಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಅಕ್ಕಾ, ಇದು ಗುಲಾಬಿ ಅಲ್ಲ, ಬೂದಿ." ಹೌದು, ಬೂದಿಯೇ. ಬಿಳಿ ಬೆರೆತ ಬಣ್ಣ ಕಪ್ಪು ಚರ್ಮದ ಮೇಲೆ ಕೂತರೆ ಕೆಂಪು ಹಿಂದೆ ಸರಿದು ಬಿಳಿ ಮುಂದೆ ಬರುತ್ತದೆ. ಅವಳ ಚರ್ಮಕ್ಕೆ ತನ್ನದೇ ಒಂದು ಹೊಳಪಿದೆ, ಅದನ್ನೇ ಆ ಪುಡಿ ಮುಚ್ಚಿಬಿಟ್ಟಿತು. ನನಗೆ ನಿಜಕ್ಕೂ ಬೇಜಾರಾಯಿತು. ಎಣ್ಣೆಗಪ್ಪಿನವರಿಗೆ ಬ್ಲಶ್ ಒಪ್ಪುವುದಿಲ್ಲ ಅಂತ ಎಷ್ಟೋ ಜನ ನಂಬಿಕೊಂಡಿರುವುದು ಇಂಥ ಪುಡಿ ಹಚ್ಚಿಕೊಂಡೇ ಇರಬೇಕು. ಒಪ್ಪದಿರುವುದು ಬಿಳಿ. ಅವಳಿಗೆ ಬೇಕಾದದ್ದು ಡಬ್ಬಿಯಲ್ಲಿ ನೋಡಿದರೆ 'ಅಯ್ಯೋ ಇಷ್ಟು ಗಾಢವಾ' ಅನ್ನಿಸುವ ನೇರಳೆಗೆಂಪು ಅಥವಾ ಕಡು ಇಟ್ಟಿಗೆ ಬಣ್ಣ, ಟೈಟಾನಿಯಂ ಇಲ್ಲದ್ದು ಅಥವಾ ತೀರ ಕಮ್ಮಿ ಇರುವುದು. ಅಂಗೈ ಒಳಗೆ ಹಚ್ಚಿ ನೋಡಿದರೆ ಇದು ತಿಳಿಯುವುದಿಲ್ಲ, ಅಂಗೈ ಎಲ್ಲರದ್ದೂ ತಿಳಿ. ಕೆನ್ನೆ ಮೇಲೆ, ಹಗಲು ಬೆಳಕಿನಲ್ಲೇ ನೋಡಬೇಕು.

ಪ್ರೆಸ್ಡ್ ಬ್ಲಶ್‌ದೇ ಇನ್ನೊಂದು ಸಣ್ಣ ತೊಂದರೆ. ಬ್ರಶ್ಶಿನಲ್ಲಿದ್ದ ಜಿಡ್ಡು ತಾಗಿ ನಾಲ್ಕನೇ ವಾರದಲ್ಲಿ ಪುಡಿಯ ಮೇಲೆ ಗಟ್ಟಿ ಪದರ ಕಟ್ಟಿತು, ಎಷ್ಟು ಉಜ್ಜಿದರೂ ಬಣ್ಣ ಬರಲಿಲ್ಲ. ಅಂಟು ಟೇಪಿನ ಚೂರೊಂದನ್ನು ಮೇಲೆ ಒತ್ತಿ ಎತ್ತಿದೆ, ಪದರ ಟೇಪಿನ ಜೊತೆ ಬಂತು. ಒಳಗೆ ಹೊಸದರ ಹಾಗೇ ಇತ್ತು.

ಬೇಕ್ಡ್ ಬಗ್ಗೆ ಹೇಳುವುದು ಕಡಿಮೆ. ನೋಡಲು ಮೂರರಲ್ಲಿ ಇದೇ ಚೆಂದ, ಅಮೃತಶಿಲೆಯ ಹಾಗೆ ಗೆರೆ ಗೆರೆ. ಕೆನ್ನೆ ಮೇಲೆ ಮಾತ್ರ ಬಣ್ಣಕ್ಕಿಂತ ಮುಂಚೆ ಮಿಂಚು ಕಾಣುತ್ತದೆ. ಮೂಗಿನ ಪಕ್ಕದ ರಂಧ್ರಗಳು ಎದ್ದು ಕಂಡವು. ಅದರ ಪಟ್ಟಿಯಲ್ಲಿ ಬಿಸ್ಮತ್ ಆಕ್ಸಿಕ್ಲೋರೈಡ್ ಕೂಡ ಇತ್ತು. ಮುತ್ತಿನ ಹೊಳಪು ಕೊಡುವ ಪುಡಿ ಅದು, ಕೆಲವರ ಚರ್ಮಕ್ಕೆ ಆಗುವುದಿಲ್ಲ. ನನಗೆ ಬೆವರು ಬಂದ ಎರಡು ದಿನವೂ ಕೆನ್ನೆ ತುರಿಸಿತು. ಅದೇ ಕಾರಣ ಅಂತ ಖಚಿತ ಹೇಳಲಾರೆ, ಆದರೆ ಬೇಕ್ಡ್ ಹಚ್ಚದ ದಿನ ತುರಿಸಲಿಲ್ಲ. ರಾತ್ರಿಯ ಸಮಾರಂಭಕ್ಕೆ, ಕೆನ್ನೆಮೂಳೆಯ ಮೇಲ್ತುದಿಗೆ ಮಾತ್ರ ಒಂದು ಗೀರು ಎಳೆದರೆ ಚೆನ್ನಾಗಿರುತ್ತದೆ. ದಿನಬಳಕೆಗೆ ಬೇಡ.

ಬ್ರಶ್ ವಿಷಯ ನಾನು ಮೊದಲು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಒತ್ತಾದ ಕೂದಲಿನ ಗಿಡ್ಡ ಕಬುಕಿ ಬ್ರಶ್ಶಿನಲ್ಲಿ ಲೂಸ್ ಪೌಡರ್ ಹಚ್ಚಿದರೆ ಬಿದ್ದ ಜಾಗದಲ್ಲೇ ಮುದ್ರೆ ಒತ್ತಿದ ಹಾಗಾಗುತ್ತದೆ. ಕಬುಕಿ ಫೌಂಡೇಶನ್‌ಗೆ ಸರಿ. ಬ್ಲಶ್‌ಗೆ ಸಡಿಲ ಕೂದಲಿನದು, ಅದರಲ್ಲೂ ಉದ್ದ ಮತ್ತು ಗಿಡ್ಡ ಎರಡು ಬಗೆಯ ಕೂದಲು ಸೇರಿರುವ ಡ್ಯುಯೋ ಫೈಬರ್ ಬ್ರಶ್ ಒಳ್ಳೆಯದು. ಪುಡಿಯನ್ನು ಕಮ್ಮಿ ಎತ್ತುತ್ತದೆ, ಕೈ ತಪ್ಪಿದರೂ ಮುಖ ಕೆಡುವುದಿಲ್ಲ. ಪ್ರೆಸ್ಡ್‌ಗೆ ಮಾಮೂಲಿ ಓರೆ ಬ್ರಶ್ ಸಾಕು. ವಾರಕ್ಕೊಮ್ಮೆ ತೊಳೆದು, ಮಲಗಿಸಿ ಒಣಗಿಸಿ. ನೆಟ್ಟಗೆ ನಿಲ್ಲಿಸಿದರೆ ನೀರು ಬುಡಕ್ಕಿಳಿದು ಅಂಟು ಬಿಡುತ್ತದೆ.

ಎಲ್ಲಿ ಹಚ್ಚಬೇಕು? ನಕ್ಕಾಗ ಉಬ್ಬುವ ಜಾಗಕ್ಕೆ ಹಚ್ಚಿ ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಹಚ್ಚಿ ನಗು ನಿಲ್ಲಿಸಿ ನೋಡಿ. ಕೆನ್ನೆ ಕೆಳಗಿಳಿಯುತ್ತದೆ, ಬಣ್ಣವೂ ಜೊತೆಗೆ ಇಳಿದು ಮುಖ ಜೋತುಬಿದ್ದ ಹಾಗೆ ಕಾಣುತ್ತದೆ. ನಾನು ಈಗ ಮುಖವನ್ನು ಸುಮ್ನೆ ಬಿಟ್ಟು, ಮೂಗಿನಿಂದ ಎರಡು ಬೆರಳು ದೂರ ಬಿಟ್ಟು, ಕೆನ್ನೆಮೂಳೆಯ ಮೇಲೆ ಶುರು ಮಾಡಿ ಕಿವಿಯ ಕಡೆಗೆ ಮೇಲಕ್ಕೆ ಒಯ್ಯುತ್ತೇನೆ. ಕೊನೆಗೆ ಬ್ರಶ್ಶಿನಲ್ಲಿ ಉಳಿದದ್ದನ್ನು ಮೂಗಿನ ಬೆನ್ನಿಗೆ ಒಂದು ಸಲ ಸವರುತ್ತೇನೆ, ಬಿಸಿಲಿಗೆ ಕೆಂಪಾಗುವುದು ಅಲ್ಲೂ ತಾನೆ.

ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಪೂರ್ತಿ ಇಂಗಿದ ಮೇಲೆಯೇ ಪುಡಿ ಮುಟ್ಟಿ. ಒಂದು ಬೆಳಗ್ಗೆ ಹೊತ್ತಾಯಿತು ಅಂತ ಕೆನ್ನೆ ಇನ್ನೂ ಒದ್ದೆ ಇರುವಾಗಲೇ ಲೂಸ್ ಪೌಡರ್ ಹಚ್ಚಿದೆ. ಬಲಗೆನ್ನೆಯಲ್ಲಿ ನಾಣ್ಯದಷ್ಟು ಅಗಲದ ಕೆಂಪು ಮಚ್ಚೆ ಕೂತಿತು, ಅಂಚು ಗೀಚಿದ ಹಾಗೆ ಸ್ಪಷ್ಟ. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಇನ್ನೂ ಹರಡಿತು. ಕೊನೆಗೆ ಮುಖ ತೊಳೆದು ಮೊದಲಿಂದ ಶುರು ಮಾಡಿದೆ. ಈಗ ಹತ್ತು ನಿಮಿಷ ಕಾಯುತ್ತೇನೆ. ಒಣ ಕೆನ್ನೆ ಮೇಲೆ ಸ್ವಲ್ಪ ಜಾಸ್ತಿ ಆದರೆ ನೀರು ಬೇಡ, ಏನೂ ಹಚ್ಚದ ಒಣ ಬ್ರಶ್ಶನ್ನು ಅಂಚಿನ ಮೇಲೆ ತಿರುಗಿಸಿದರೆ ಸರಿಹೋಗುತ್ತದೆ. ಅಂದಹಾಗೆ, ಬ್ಲಶ್‌ನಲ್ಲಿ ಟೈಟಾನಿಯಂ ಇದೆ ಅಂತ ಸನ್‌ಸ್ಕ್ರೀನ್ ಬಿಡಬೇಡಿ. ಇಷ್ಟು ತೆಳುವಾಗಿ ಹಚ್ಚುವ ಪುಡಿ ಬಿಸಿಲಿಗೆ ಸಾಲುವುದಿಲ್ಲ.

ಸಂಜೆಯವರೆಗೆ ಉಳಿದದ್ದು ಯಾವುದು? ನನ್ನ ಒಣ ಕೆನ್ನೆಯಲ್ಲಿ ಲೂಸ್ ಪೌಡರ್ ಎಂಟು ಗಂಟೆ ಚೆನ್ನಾಗಿಯೇ ಇತ್ತು. ಪ್ರೆಸ್ಡ್ ಮಧ್ಯಾಹ್ನದ ಹೊತ್ತಿಗೆ ಅರ್ಧ ಮಾಸಿತ್ತು, ಬೇಕ್ಡ್‌ನಲ್ಲಿ ಬಣ್ಣ ಹೋಗಿ ಮಿಂಚು ಮಾತ್ರ ಉಳಿದಿತ್ತು. ತಂಗಿಯ ಜಿಡ್ಡು ಚರ್ಮದಲ್ಲಿ ಮೂರೂ ಬೇಗ ಮಾಸಿದವು, ಲೂಸ್ ಸ್ವಲ್ಪ ತಡವಾಗಿ.

ನನ್ನ ಮೇಜಿನ ಮೇಲೆ ಈಗ ಇರುವುದು ಲೂಸ್ ಪೌಡರ್ ಜಾಡಿ. ಜರಡಿಯ ತೂತುಗಳಲ್ಲಿ ಅರ್ಧಕ್ಕೆ ಟೇಪ್ ಅಂಟಿಸಿದ್ದೇನೆ, ಪುಡಿ ಬೇಕಾದಷ್ಟೇ ಬೀಳುತ್ತದೆ. ಪ್ರೆಸ್ಡ್ ಬ್ಯಾಗಿನಲ್ಲಿದೆ, ಮಧ್ಯಾಹ್ನ ಒಂದು ಕೈ ತಾಗಿಸಲು. ತಂಗಿಗೆ ಟೈಟಾನಿಯಂ ಇಲ್ಲದ ನೇರಳೆಗೆಂಪು ಲೂಸ್ ಬ್ಲಶ್ ಒಂದು ಸಿಕ್ಕಿದೆ. ಹಚ್ಚಿಕೊಂಡು ಕಿಟಕಿ ಹತ್ತಿರ ಹೋದವಳು ಈ ಸಲ ಕನ್ನಡಿ ಬೇಗ ಕೆಳಗಿಡಲಿಲ್ಲ.