ಆ್ಯಪ್ ಮುಚ್ಚುವ ಮೂರು ಕ್ರಮಗಳು: ಬಳಸಿ ನೋಡಿದ ಮೇಲೆ

ಬಳಸಿದ ಆ್ಯಪ್‌ಗಳನ್ನು ಆಗಾಗ ಮುಚ್ಚಿದರೆ ಚಾರ್ಜ್ ಉಳಿಯುತ್ತದೆ, ಫೋನು ಚುರುಕಾಗುತ್ತದೆ ಎನ್ನುವವರುಂಟು. ಆದರೆ ಹಿನ್ನೆಲೆಯಲ್ಲಿರುವ, ಅಂದರೆ ನಾವು ಬಿಟ್ಟುಬಂದರೂ ಮುಚ್ಚದೆ ಉಳಿದ ಆ್ಯಪ್‌ಗಳನ್ನು ಅವುಗಳ ಪಾಡಿಗೆ ಬಿಡುವುದೇ ಲೇಸು ಎಂದು ಮೊದಲೇ ಹೇಳಿಬಿಡುತ್ತೇನೆ. ಮಳೆಗಾಲಕ್ಕೆ ಮುನ್ನ ಶಿವಮೊಗ್ಗದಲ್ಲಿ ಕೊಂಡ 4 ಜಿಬಿ ರ್‍ಯಾಮಿನ (ತೆರೆದ ಆ್ಯಪ್‌ಗಳು ಇರುವ ತಾತ್ಕಾಲಿಕ ನೆನಪಿನ ಜಾಗ) ಆಂಡ್ರಾಯ್ಡ್ ಫೋನನ್ನು ತೀರ್ಥಹಳ್ಳಿ ಸೀಮೆಯ ನಮ್ಮ ತೋಟದ ಮನೆಯಲ್ಲಿ ಮೂರು ಕ್ರಮಗಳಲ್ಲಿ ಬಳಸಿದ್ದೇನೆ: ಕೆಲಸ ಮುಗಿದೊಡನೆ ಎಲ್ಲ ಆ್ಯಪ್‌ಗಳನ್ನು ಸರಿಸಿ ಮುಚ್ಚುವುದು, ಫೋನಿನ ಜೊತೆಗೇ ಬಂದ ಕ್ಲೀನರ್‌ಗೆ ಆ ಕೆಲಸ ವಹಿಸುವುದು, ಏನನ್ನೂ ಮಾಡದೆ ಇರುವುದು.

ಸರಿಸಿ ಮುಚ್ಚುವುದರಿಂದ ಲಾಭವೇನೂ ಕಾಣಲಿಲ್ಲ. ರ್‍ಯಾಮ್ ಖಾಲಿಯಿದ್ದರೂ ತುಂಬಿದ್ದರೂ ಅದಕ್ಕೆ ತಗಲುವ ವಿದ್ಯುತ್ತು ಹೆಚ್ಚುಕಡಿಮೆ ಒಂದೇ. ನಾವು ಬಿಟ್ಟುಬಂದ ಆ್ಯಪ್ ಬಹುಪಾಲು ಕೆಲಸ ನಿಲ್ಲಿಸಿ ಅಲ್ಲಿ ಸುಮ್ಮನಿರುತ್ತದೆ, ಜಾಗ ಸಾಲದಾದಾಗ ಸದ್ಯಕ್ಕೆ ಬೇಡವಾದುದನ್ನು ಆಂಡ್ರಾಯ್ಡ್ ತಾನೇ ತೆಗೆದುಹಾಕುತ್ತದೆ. ನಾವೇ ಮುಚ್ಚಿದರೆ ಮುಂದಿನ ಸಲ ಅದು ಮೊದಲಿನಿಂದ ಶುರುವಾಗಬೇಕು, ಪ್ರೊಸೆಸರ್‌ಗೆ ಶ್ರಮವೂ ಹೆಚ್ಚು. ಆ್ಯಪ್ ಸ್ತಬ್ಧವಾದಾಗ, ಇಲ್ಲವೇ ಊರು ತಲುಪಿದ ಮೇಲೂ ಮ್ಯಾಪ್ ದಾರಿ ತೋರಿಸುತ್ತಿದ್ದಾಗ ಮುಚ್ಚುವುದು ಸರಿ. ಐಫೋನಿನಲ್ಲಿಯೂ ಆ್ಯಪ್ ಪ್ರತಿಕ್ರಿಯಿಸದಿದ್ದಾಗ ಮಾತ್ರ ಮುಚ್ಚಿರೆಂದೇ ಆಪಲ್ ಸಂಸ್ಥೆಯ ಸಲಹೆ.

ನಿಜವಾದ ತೊಂದರೆ ಕ್ಲೀನರ್‌ನದು. ಪರದೆ ಆರಿದ ಸ್ವಲ್ಪ ಹೊತ್ತಿಗೆ ಅದು ವಾಟ್ಸ್‌ಆ್ಯಪನ್ನೂ ನಿಲ್ಲಿಸಿಬಿಡುತ್ತಿತ್ತು. ಶಿವಮೊಗ್ಗ ಮಾರುಕಟ್ಟೆಯ ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆ ಬಗೆಗಳ ಧಾರಣೆ ನಮ್ಮ ಬೆಳೆಗಾರರ ಬಳಗಕ್ಕೆ ಬರುವುದು ಅದರಲ್ಲಿಯೇ. ಅಡಿಕೆ ಕೊಡುವುದೋ ಇಟ್ಟುಕೊಳ್ಳುವುದೋ ಎಂದು ತೀರ್ಮಾನಿಸಬೇಕಾದ ಹೊತ್ತಿನಲ್ಲಿ ಒಂದು ಸಂದೇಶವೂ ಬಾರದೆ, ಸಂಜೆ ನಾನಾಗಿ ತೆರೆದಾಗ ಇಡೀ ದಿನದ್ದೆಲ್ಲ ಒಟ್ಟಿಗೆ ಬಂದು ಬೀಳುತ್ತಿತ್ತು. ಬಲವಂತವಾಗಿ ನಿಲ್ಲಿಸಿದ ಆ್ಯಪನ್ನು ಬಳಸುವವರೇ ಮತ್ತೆ ತೆರೆಯುವವರೆಗೆ ಅದಕ್ಕೆ ಹೊಸ ಸಂದೇಶದ ಸೂಚನೆಯೂ ತಲುಪದು, ಅದರಲ್ಲಿಟ್ಟ ಅಲಾರಂ ಕೂಡ ಹೊಡೆಯದು.

ಇದನ್ನು ಸರಿಪಡಿಸಲು ಸೆಟ್ಟಿಂಗ್ಸ್‌ನಲ್ಲಿ ಮೂರು ಕಡೆ ಕೈಹಾಕಬೇಕಾಯಿತು: ಪರದೆ ಆರಿದಾಗ ಶುಚಿಗೊಳಿಸುವ ಆಯ್ಕೆಯನ್ನು ತೆಗೆದೆ, ವಾಟ್ಸ್‌ಆ್ಯಪ್‌ಗೆ ಆಟೋಸ್ಟಾರ್ಟ್ (ತಾನಾಗಿ ಶುರುವಾಗುವ) ಅನುಮತಿ ಕೊಟ್ಟೆ, ಅದರ ಬ್ಯಾಟರಿ ಬಳಕೆಗೆ ನಿರ್ಬಂಧವಿಲ್ಲವೆಂದು ಗುರುತು ಮಾಡಿದೆ. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಮೊದಲನೆಯದು ತಾನಾಗಿ ಹಿಂದಿನಂತಾಗಿತ್ತು; ಹಣ ಕೊಟ್ಟು ಕೊಂಡವರಿಗೆ ಹೇಳದೆ ಹೀಗೆ ಮಾಡುವುದು ಸರಿಯಲ್ಲ. ಬೇರೆ ಕ್ಲೀನರ್ ಡೌನ್‌ಲೋಡ್ ಮಾಡುವುದೂ ವ್ಯರ್ಥ, ಏಕೆಂದರೆ 2023ರ ಆಂಡ್ರಾಯ್ಡ್ 14ರಿಂದ ಸಾಮಾನ್ಯ ಆ್ಯಪೊಂದು ಇತರ ಆ್ಯಪ್‌ಗಳ ಹಿನ್ನೆಲೆ ಕೆಲಸವನ್ನು ನಿಲ್ಲಿಸುವಂತಿಲ್ಲ.

ಆರಿದ್ರಾ ಮಳೆಯಲ್ಲಿ ಕರೆಂಟು ಹೋದರೆ ಯಾವಾಗ ಬರುವುದೆಂದು ಹೇಳಲಾಗದ ನಮ್ಮ ಕಡೆ ಚಾರ್ಜ್ ಉಳಿಯುವುದು ಮುಖ್ಯ. ಆದರೆ ಗುಡ್ಡಗಳ ನಡುವೆ ಚಾರ್ಜ್ ತಿನ್ನುವುದು ಹೆಚ್ಚಾಗಿ ಸಿಗ್ನಲ್ಲು. ಟವರ್ ದೂರವಿದ್ದಷ್ಟೂ ಫೋನು ಹೆಚ್ಚು ಶಕ್ತಿ ವ್ಯಯಿಸಿ ಸಂಪರ್ಕ ಹುಡುಕುತ್ತದೆ. ಆ್ಯಪ್‌ಗಳ ಮಟ್ಟಿಗೆ ಹೇಳುವುದಾದರೆ, ಅಲುಗದೆ ಇಟ್ಟ ಫೋನಿನಲ್ಲಿ ಅವುಗಳ ಹಿನ್ನೆಲೆ ಕೆಲಸವನ್ನು ಮುಂದೂಡುವ ಡೋಜ್ ವ್ಯವಸ್ಥೆ 2015ರ ಆಂಡ್ರಾಯ್ಡ್ 6ರಲ್ಲಿಯೇ ಬಂದಿದೆ. ರಾತ್ರಿ ಏರೋಪ್ಲೇನ್ ಮೋಡ್ ಹಾಕಿದ್ದರಿಂದ ಉಳಿದಷ್ಟು ಚಾರ್ಜ್ ನನಗೆ ಯಾವ ಕ್ಲೀನರ್‌ನಿಂದಲೂ ಉಳಿಯಲಿಲ್ಲ.

ವಾಟ್ಸ್‌ಆ್ಯಪ್, ಬ್ಯಾಂಕು, ಕ್ಯಾಮೆರಾ, ಸುದ್ದಿ ಇಷ್ಟೇ ನನ್ನ ಬಳಕೆ. ಅದಕ್ಕೆ 4 ಜಿಬಿ ಸಾಕು. ದೊಡ್ಡ ಗೇಮ್‌ಗಳನ್ನು ಆಡುವವರು ಮುಚ್ಚುವ ಶ್ರಮ ಪಡುವ ಬದಲು 8 ಜಿಬಿಯ ಫೋನಿಗೆ ಹಣ ಹಾಕುವುದು ವಾಸಿ. ನಾನಂತೂ ಮುಂದಿನ ಸಲ ಅಂಗಡಿಯಲ್ಲಿಯೇ ಸೆಟ್ಟಿಂಗ್ಸ್ ತೆರೆದು, ಕ್ಲೀನರನ್ನು ಪೂರ್ತಿ ನಿಲ್ಲಿಸಲು ಬರುತ್ತದೆಯೇ ಎಂದು ನೋಡಿಯೇ ಕೊಳ್ಳುತ್ತೇನೆ.