ಪಿಟಿ100 ಸೆನ್ಸರ್‌ಗೆ ಮ್ಯಾಕ್ಸ್31865 ಬೋರ್ಡ್: ಎರಡು ವರ್ಷ ಬಳಸಿದ ಮೇಲೆ

ಪಿಟಿ100 ತಾಪಮಾನ ಸೆನ್ಸರಿನ ರೆಸಿಸ್ಟೆನ್ಸ್ ಅಳೆದು ಅಂಕಿಯಾಗಿ ಕೊಡುವ ಈ ಬೋರ್ಡನ್ನು ಹಳ್ಳಿಯ ಹಾಲಿನ ಬಲ್ಕ್ ಕೂಲರ್‌ಗೆ ಹಾಕಿ ಎರಡು ವರ್ಷ ದಾಟಿತು. ಕೋಡ್ ಓಡಿಸುವ ಪುಟ್ಟ ಕಂಟ್ರೋಲರ್ ಇಎಸ್‌ಪಿ32 ಜೊತೆ ಹಗಲೂ ರಾತ್ರಿ ಓಡುತ್ತಿದೆ. ಬೋರ್ಡಿನ ಮೇಲೆ ದೊಡ್ಡ ದೂರಿಲ್ಲ. ಕಾಟವೆಲ್ಲ ಅದಕ್ಕೆ ಬರುವ ತಂತಿಯದು.

ಪಿಟಿ100 ಅಂದರೆ 0 ಡಿಗ್ರಿಯಲ್ಲಿ 100 ಓಮ್. ಒಂದು ಡಿಗ್ರಿಗೆ ಏರುವುದು 0.39 ಓಮ್ ಅಷ್ಟೇ. ಮೊದಲಿದ್ದ ಮೀಟರಿಗೆ ಯಾರೋ ಎರಡೇ ತಂತಿಯಲ್ಲಿ ಸೆನ್ಸರ್ ಕೊಟ್ಟು ಹೋಗಿದ್ದರು. ಟ್ಯಾಂಕಿನಿಂದ ಪ್ಯಾನೆಲ್‌ಗೆ 25 ಮೀಟರ್, ಅರ್ಧ ಚದರ ಮಿ.ಮೀ. ತಾಮ್ರ. ಹೋಗಿ ಬರುವ 50 ಮೀಟರಿಗೆ ಸುಮಾರು 1.7 ಓಮ್, ಅಂದರೆ ನಾಲ್ಕು ಡಿಗ್ರಿಗೂ ಮೇಲೆ ಸುಳ್ಳು. ಹಾಲು 4ಕ್ಕೆ ಇಳಿದರೂ ಮೀಟರಿನಲ್ಲಿ 8! ಕಂಪ್ರೆಸರ್ ನಿಲ್ಲದೆ ಓಡಿ, ತಳದ ಹಾಲು ಐಸ್ ಕಟ್ಟುತ್ತಿತ್ತು.

ಈ ಬೋರ್ಡಿಗೆ ಎರಡು, ಮೂರು, ನಾಲ್ಕು ತಂತಿ ಯಾವುದಾದರೂ ನಡೆಯುತ್ತದೆ. ಆದರೆ ಮೂರು ತಂತಿಗೆ ಬೋರ್ಡಿನ ಒಂದು ಕೂದಲೆಳೆಯಷ್ಟು ಗೆರೆ ಬ್ಲೇಡಿನಲ್ಲಿ ಕತ್ತರಿಸಿ, ಪಕ್ಕದ ಪ್ಯಾಡ್‌ಗಳಿಗೆ ಸೋಲ್ಡರ್ ಹಾಕಬೇಕು. ಕೈ ನಡುಗುವವರು ಬೇರೆಯವರ ಹತ್ತಿರ ಮಾಡಿಸಿ. ಸೆನ್ಸರಿನ ಎರಡು ಕೆಂಪು ತಂತಿ ಒಂದು ತುದಿಯವು, ಬಿಳಿ ಇನ್ನೊಂದು ತುದಿಯದು. ಬಣ್ಣ ನಂಬಬೇಡಿ, ಮಲ್ಟಿಮೀಟರ್ ಇಡಿ: ಕೆಂಪು-ಕೆಂಪು ಹೆಚ್ಚುಕಮ್ಮಿ ಸೊನ್ನೆ, ಕೆಂಪು-ಬಿಳಿ ನಮ್ಮ ಹವೆಗೆ 110 ಓಮ್ ಆಸುಪಾಸು ಬರಬೇಕು.

ಮೂರನೇ ತಂತಿಯಿಂದ ಬೋರ್ಡ್ ತಂತಿಯ ರೆಸಿಸ್ಟೆನ್ಸ್ ತಿಳಿದು ಅದನ್ನು ಕಳೆಯುತ್ತದೆ. ಈ ಲೆಕ್ಕ ನಿಂತಿರುವುದು ಮೂರೂ ಒಂದೇ ರೆಸಿಸ್ಟೆನ್ಸ್ ಅನ್ನುವ ನಂಬಿಕೆಯ ಮೇಲೆ. ಕಂಪ್ರೆಸರ್ ಅದುರಿ ಒಂದು ಸ್ಕ್ರೂ ಸಡಿಲವಾಯಿತೋ, ತೇವಕ್ಕೆ ಕಿಲುಬು ಹಿಡಿಯಿತೋ, 0.4 ಓಮ್ ಅಲ್ಲೇ ಹೆಚ್ಚಾಗಿ ಒಂದು ಡಿಗ್ರಿ ಕೆಟ್ಟಿತು. ಅದಕ್ಕೇ ತುದಿಗೆಲ್ಲ ಲಗ್ ಕ್ರಿಂಪ್ ಮಾಡಿಸಿದ್ದೇನೆ, ಮಳೆಗಾಲಕ್ಕೆ ಮುಂಚೆ ಸ್ಕ್ರೂ ಬಿಗಿ ಮಾಡುತ್ತೇನೆ. ಕೇಬಲ್ಲಿನ ಲೋಹದ ಹೊದಿಕೆ (ಶೀಲ್ಡ್) ಪ್ಯಾನೆಲ್ ಕಡೆ ಮಾತ್ರ ಅರ್ತ್. ಕೇಬಲ್ ಮೋಟಾರ್ ವೈರಿನ ಜೊತೆ ಒಂದೇ ಪೈಪಿನಲ್ಲಿ ಬೇಡ.

ಇನ್ನೊಂದು ಮಾತು: ಚಿಪ್‌ನ ನಾಯ್ಸ್ ಫಿಲ್ಟರ್ ಸುಮ್ಮನೆ ಬಿಟ್ಟರೆ 60 ಹರ್ಟ್ಸ್‌ಗಿರುತ್ತದೆ. ನಮ್ಮ ಕರೆಂಟ್ 50, ಕೋಡಿನಲ್ಲಿ ಬದಲಿಸಿ. ಬೋರ್ಡ್ ಸೆನ್ಸರನ್ನು ಹೋಲಿಸಿ ಅಳೆಯುವ ರೆಫರೆನ್ಸ್ ರೆಸಿಸ್ಟರ್ ಮೇಲೆ 4300 ಎಂದಿದ್ದರೆ ಅದು 430 ಓಮ್, ಪಿಟಿ100ದು. 4301 ಇದ್ದರೆ ಪಿಟಿ1000ದು (0 ಡಿಗ್ರಿಯಲ್ಲಿ 1000 ಓಮ್ ಇರುವ ಸೆನ್ಸರಿನದು), ವಾಪಸ್ ಕೊಡಿ. ಈ ರೆಸಿಸ್ಟರಿನಲ್ಲಿ 0.1% ವ್ಯತ್ಯಾಸವಿದ್ದರೂ ಕಾಲು ಡಿಗ್ರಿ ತಪ್ಪುತ್ತದೆ, ಹಾಗಾಗಿ ಪುಡಿಮಾಡಿದ ಐಸ್ ನೀರಿನಲ್ಲಿ ಅದ್ದಿ ಸೊನ್ನೆ ನೋಡಿಕೊಳ್ಳಿ. ಕುದಿಯುವ ನೀರು ಬೇಡ, ಬೆಂಗಳೂರಿನ ಎತ್ತರಕ್ಕೆ ಅದು 97ರಲ್ಲೇ ಕುದಿಯುತ್ತದೆ.

ಪರದೆಯಲ್ಲಿ 988.79 ಬಂದರೆ ಸೆನ್ಸರ್ ತಂತಿ ಬಿಟ್ಟಿದೆ. -242.02 ಬಂದರೆ ಶಾರ್ಟ್, ಇಲ್ಲವೇ ಬೋರ್ಡಿನಿಂದ ಇಎಸ್‌ಪಿ32ಗೆ ಹೋಗುವ ಎಸ್‌ಪಿಐ ತಂತಿ ಕಳಚಿದೆ. ಬೋರ್ಡ್ ಸುಟ್ಟಿತೆಂದು ಎಸೆಯುವ ಮುನ್ನ ಇದಿಷ್ಟು ನೋಡಿ.

ನಾಲ್ಕೂವರೆ ಸ್ಟಾರ್. ಎರಡನೇ ಟ್ಯಾಂಕಿಗೂ ಇದೇ ಬೋರ್ಡ್ ತರಿಸುತ್ತೇನೆ, ಆದರೆ ಸೆನ್ಸರ್ ನಾಲ್ಕು ತಂತಿಯದು. ಅದಕ್ಕೆ ಈ ಸ್ಕ್ರೂ ಗೋಳು ಇಷ್ಟಿರುವುದಿಲ್ಲ.